ರೋಬೋಟಿಗೂ ಕೈಗುಣ ಉಂಟೇ?

ಹೊಟ್ಟೆಯೊಳಗೆ ದಾರದ ಹೊಲಿಗೆಯ ಬದಲು ಸ್ಟೇಪಲ್ ಪಿನ್ನು. ಅದನ್ನು ಹೊಡೆಯುವುದು ಸರ್ಜನ್ನರ ಕೈಯಲ್ಲ, ರೋಬೋಟಿನ ತೋಳು. ಇದು ಎಷ್ಟು ಸುರಕ್ಷಿತ? ಉತ್ತರ ಹುಡುಕುತ್ತಾ ಹೊರಟರೆ ದಾರಿ ನಮ್ಮ ಟೆಕ್ಸಾಸ್‌ನ ಟೈಲರ್ ಎಂಬ ಊರಿನ ಮೇಲೇ ಹಾದುಹೋಗುತ್ತದೆ.

ಮಿಸೌರಿ ಸಿಟಿ, ಟೆಕ್ಸಾಸ್: ಕಳೆದ ವರ್ಷದ ಒಂದು ಭಾನುವಾರ. ಪೇರ್‌ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನದಲ್ಲಿ ದರ್ಶನ ಮುಗಿಸಿ ಊಟಕ್ಕೆ ಕೂತಿದ್ದೆವು. ಪಕ್ಕದಲ್ಲಿ ಗೆಳೆಯನ ತಾಯಿ. ಹಾಸನದ ಕಡೆಯವರು, ಮಗನ ಜೊತೆ ಇಲ್ಲೇ ನೆಲೆಸಿ ಹತ್ತು ವರ್ಷವಾಯಿತು. ದೊಡ್ಡ ಕರುಳಿನಲ್ಲಿ ಗಡ್ಡೆ ಕಾಣಿಸಿಕೊಂಡಿತ್ತು. ಆಪರೇಷನ್ ಮಾಡಲೇಬೇಕು, ರೋಬೋಟ್ ಬಳಸಿ ಮಾಡುತ್ತೇವೆ ಎಂದು ಡಾಕ್ಟರು ಹೇಳಿದ್ದರು. ತಟ್ಟೆಯಲ್ಲಿದ್ದ ಮೊಸರನ್ನ ಮುಟ್ಟದೆ ಅವರು ನನ್ನನ್ನು ಕೇಳಿದರು:

"ಏನಪ್ಪಾ, ನೀನು ಕಂಪ್ಯೂಟರ್ ಓದಿದವನು, ನೀನೇ ಹೇಳು. ಕರುಳು ಕತ್ತರಿಸಿ ಪಿನ್ನು ಹೊಡೀತಾರಂತೆ, ಅದನ್ನೂ ರೋಬೋಟೇ ಹೊಡೆಯುತ್ತಂತೆ. ನಮ್ಮೂರಲ್ಲಿ ಡಾಕ್ಟರ ಕೈಗುಣ ನೋಡಿ ಹೋಗ್ತಿದ್ವಿ. ಮಿಷನ್ನಿಗೂ ಕೈಗುಣ ಅಂತ ಇರುತ್ತಾ?"

ನಾನು ನಕ್ಕು, "ಏನೂ ಆಗಲ್ಲ ಅಮ್ಮಾ, ಧೈರ್ಯವಾಗಿರಿ" ಅಂದೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ವೈದ್ಯನಲ್ಲ, ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವವನು. ಆದರೂ ಆ ಪಿನ್ನಿನ ಯಂತ್ರದೊಳಗೆ ನಮ್ಮಂಥವರು ಬರೆದ ಪ್ರೋಗ್ರಾಂ ಇದೆಯಲ್ಲ! ಹಾಗಾಗಿ ರಾತ್ರಿ ಕೂತು ಓದತೊಡಗಿದೆ. ತಿಳಿದುಕೊಂಡದ್ದನ್ನು ನಮ್ಮ ಸಂಘದ ಓದುಗರ ಮುಂದಿಡುತ್ತಿದ್ದೇನೆ. ಇದು ವೈದ್ಯಕೀಯ ಸಲಹೆಯಲ್ಲ. ನಿಮ್ಮ ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕೆಂಬುದಕ್ಕೆ ಒಂದು ತಯಾರಿ ಅಷ್ಟೇ.

ಪಿನ್ನು ಹೊಡೆಯುವುದೆಂದರೆ ಏನು?

ಆಫೀಸಿನಲ್ಲಿ ಕಾಗದಕ್ಕೆ ಪಿನ್ನು ಹೊಡೆಯುವ ಸ್ಟೇಪ್ಲರ್ ಎಲ್ಲರಿಗೂ ಗೊತ್ತು. ಸರ್ಜನ್ನರ ಸ್ಟೇಪ್ಲರ್ ಕೂಡ ಅದೇ ಜಾತಿಯದು. ಉದ್ದನೆಯ ಎರಡು ದವಡೆಗಳ ನಡುವೆ ಕರುಳನ್ನೋ ಜಠರವನ್ನೋ ಶ್ವಾಸಕೋಶದ ತುಂಡನ್ನೋ ಹಿಡಿದು ಒತ್ತುತ್ತಾರೆ. ಒಳಗಿನ ನೀರಿನಂಶ ಪಕ್ಕಕ್ಕೆ ಸರಿದು ಅಂಗಾಂಶ ತೆಳುವಾಗುವಷ್ಟು ಹೊತ್ತು ಕಾಯುತ್ತಾರೆ. ಆಮೇಲೆ ಯಂತ್ರ ಎರಡೂ ಬದಿಗೆ ಸಾಲು ಸಾಲಾಗಿ ಟೈಟಾನಿಯಂ ಪಿನ್ನು ಹೊಡೆಯುತ್ತದೆ, ಹಿಂದೆಯೇ ಒಂದು ಪುಟ್ಟ ಚಾಕು ಸಾಲುಗಳ ನಡುವೆ ಕತ್ತರಿಸುತ್ತಾ ಹೋಗುತ್ತದೆ. ಪ್ರತಿ ಪಿನ್ನಿನ ಕಾಲುಗಳು ಎದುರಿನ ದವಡೆಗೆ ತಾಗಿ ಇಂಗ್ಲಿಷಿನ 'ಬಿ' ಅಕ್ಷರದ ಆಕಾರಕ್ಕೆ ಮಡಚಿಕೊಳ್ಳಬೇಕು. ಹಾಗೆ ಮಡಚಿಕೊಂಡರೆ ರಕ್ತ ಸೋರುವುದಿಲ್ಲ, ಕರುಳಿನಲ್ಲಿದ್ದದ್ದು ಹೊಟ್ಟೆಯೊಳಕ್ಕೆ ಚೆಲ್ಲುವುದೂ ಇಲ್ಲ.

ಅಂಗಾಂಶ ಎಷ್ಟು ದಪ್ಪ ಎಂಬುದನ್ನು ನೋಡಿ ಪಿನ್ನಿನ ಅಳತೆ ಆರಿಸಬೇಕು. ಅದಕ್ಕೆ ಬಣ್ಣಗಳಿವೆ. ಸಾಮಾನ್ಯವಾಗಿ ತೆಳುವಾದದ್ದಕ್ಕೆ ಬಿಳಿ ಕಾರ್ಟ್ರಿಜ್, ನಡುವಿನದಕ್ಕೆ ನೀಲಿ, ದಪ್ಪನೆಯದಕ್ಕೆ ಹಸಿರು. ದಪ್ಪ ಅಂಗಾಂಶಕ್ಕೆ ಚಿಕ್ಕ ಪಿನ್ನು ಹೊಡೆದರೆ ಅದು ಸರಿಯಾಗಿ ಮಡಚಿಕೊಳ್ಳದೆ ಬಿಚ್ಚಿಕೊಳ್ಳುತ್ತದೆ. ತೆಳು ಅಂಗಾಂಶಕ್ಕೆ ದೊಡ್ಡ ಪಿನ್ನು ಹೊಡೆದರೆ ಸಡಿಲ ಉಳಿದು ರಕ್ತ ಒಸರುತ್ತದೆ. ಇಲ್ಲಿ ಲೆಕ್ಕ ನಡೆಯುವುದು ಅರ್ಧ ಮಿಲಿಮೀಟರಿನಲ್ಲಿ.

ಈ ವಿದ್ಯೆ ಹೊಸದೇನಲ್ಲ. 1908ರಲ್ಲಿ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಹ್ಯುಮೇರ್ ಹುಲ್ಟ್ಲ್ ಎಂಬ ಸರ್ಜನ್ ಮೊದಲ ಸ್ಟೇಪ್ಲರ್ ಬಳಸಿದರು. ಅದರ ತೂಕ ಮೂರೂವರೆ ಕಿಲೋಗಿಂತ ಹೆಚ್ಚು! ಆಮೇಲೆ ಸೋವಿಯತ್ ಒಕ್ಕೂಟದಲ್ಲಿ ಅದು ಸುಧಾರಿಸಿತು. 1958ರಲ್ಲಿ ಅಮೆರಿಕದ ಮಾರ್ಕ್ ರಾವಿಚ್ ಎಂಬ ಸರ್ಜನ್ ಕೀವ್ ನಗರದಲ್ಲಿ ಅದನ್ನು ಕಂಡು ಈ ದೇಶಕ್ಕೆ ತಂದರು. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಸ್ಟೇಪ್ಲರ್ ಇಲ್ಲದೆ ಕರುಳಿನ ಆಪರೇಷನ್ ನಡೆಯುವುದೇ ಅಪರೂಪ. ಕೈಹೊಲಿಗೆಗಿಂತ ಬೇಗ ಮುಗಿಯುತ್ತದೆ, ರೋಗಿ ಅರಿವಳಿಕೆಯಲ್ಲಿ ಇರಬೇಕಾದ ಸಮಯವೂ ಕಡಿಮೆ.

ರೋಬೋಟಿನ ಕೈಗೆ ಬಂದದ್ದು ಯಾವಾಗ?

ಇಂಟ್ಯೂಟಿವ್ ಸರ್ಜಿಕಲ್ ಕಂಪನಿಯ ಡಾ ವಿಂಚಿ ರೋಬೋಟಿಗೆ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಂದರೆ ಎಫ್‌ಡಿಎ, 2000ದ ಜುಲೈನಲ್ಲಿ ಅನುಮತಿ ಕೊಟ್ಟಿತು. ಹೆಸರು ರೋಬೋಟ್ ಎಂದಿದ್ದರೂ ಅದು ತಾನಾಗಿ ಏನನ್ನೂ ಮಾಡುವುದಿಲ್ಲ. ಸರ್ಜನ್ ಅದೇ ಕೋಣೆಯಲ್ಲಿ ಸ್ವಲ್ಪ ದೂರದ ಕನ್ಸೋಲ್ ಮುಂದೆ ಕೂತು ಬೆರಳಾಡಿಸುತ್ತಾರೆ, ರೋಬೋಟಿನ ತೋಳು ಅದರಂತೆ ಆಡುತ್ತದೆ. ಮೊದಮೊದಲು ಪಿನ್ನು ಹೊಡೆಯುವ ಕೆಲಸ ಮಾತ್ರ ರೋಬೋಟಿನದಾಗಿರಲಿಲ್ಲ. ಮಂಚದ ಪಕ್ಕ ನಿಂತ ಸಹಾಯಕ ವೈದ್ಯರು ಕೈಯ ಸ್ಟೇಪ್ಲರನ್ನು ಇನ್ನೊಂದು ರಂಧ್ರದಿಂದ ಒಳಗಿಳಿಸಿ, ಸರ್ಜನ್ ಹೇಳಿದಾಗ ಹೊಡೆಯುತ್ತಿದ್ದರು. 2012ರ ಅಕ್ಟೋಬರ್‌ನಲ್ಲಿ ರೋಬೋಟಿನದೇ ಸ್ಟೇಪ್ಲರಿಗೆ ಅನುಮತಿ ಸಿಕ್ಕಿತು. ಅಲ್ಲಿಂದ ಮುಂದೆ ಗುರಿ ಹಿಡಿಯುವುದೂ ಹೊಡೆಯುವುದೂ ಕನ್ಸೋಲ್ ಮುಂದೆ ಕೂತ ಸರ್ಜನ್ನರ ಕೈಗೇ ಬಂದವು.

ಅದರಲ್ಲಿ ಲಾಭವಿದೆ. ರೋಬೋಟಿನ ಮಣಿಕಟ್ಟು ಇಕ್ಕಟ್ಟಿನ ಜಾಗದಲ್ಲೂ ಬಾಗುತ್ತದೆ. ಹೊಸ ಮಾದರಿಯಲ್ಲಿ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಒತ್ತಡ ಅಳೆದು, ಬೇಕಾದರೆ ವೇಗ ತಗ್ಗಿಸುವ ಇಲ್ಲವೇ ನಿಂತು ಮುಂದುವರಿಯುವ ಪ್ರೋಗ್ರಾಂ ಇದೆ ಎಂದು ಕಂಪನಿ ಹೇಳುತ್ತದೆ. ದವಡೆ ಸರಿಯಾಗಿ ಮುಚ್ಚದಿದ್ದರೆ ಯಂತ್ರ ಹೊಡೆಯಲು ಬಿಡುವುದೇ ಇಲ್ಲ.

ಆದರೆ ಇಲ್ಲೇ ಒಂದು ಬದಲಾವಣೆಯೂ ಆಗಿಹೋಗಿದೆ. ಕೈಯ ಸ್ಟೇಪ್ಲರನ್ನು ಹಿಂಡುವಾಗ ಅನುಭವಿ ಸರ್ಜನ್ನರಿಗೆ ಬೆರಳಿನಲ್ಲೇ ಗೊತ್ತಾಗುತ್ತದೆ, ಇದು ಯಾಕೋ ಬಿಗಿಯಾಗಿದೆ, ಸರಿ ಕೂರುತ್ತಿಲ್ಲ ಎಂದು. ಆ ಹಾಸನದ ತಾಯಿ ಕೈಗುಣ ಎಂದದ್ದರಲ್ಲಿ ಒಂದು ಪಾಲು ಇದೇ ಅಲ್ಲವೇ? ಮೋಟಾರ್ ಇರುವ ಯಂತ್ರದಲ್ಲಿ ಈ ತಿಳಿವಳಿಕೆ ಬೆರಳಿನಿಂದ ಪ್ರೋಗ್ರಾಮಿಗೆ ವರ್ಗವಾಗುತ್ತದೆ. 2024ರ ಮಾರ್ಚ್‌ನಲ್ಲಿ ಅನುಮತಿ ಪಡೆದ ಡಾ ವಿಂಚಿ 5 ಮಾದರಿಯಲ್ಲಿ, ಅದಕ್ಕೆಂದೇ ಮಾಡಿದ ಕೆಲವು ಉಪಕರಣಗಳ ಮೂಲಕ ಸರ್ಜನ್ನರ ಕೈಗೆ ಒತ್ತಡದ ಅನುಭವವನ್ನು ಮರಳಿ ಕೊಡುವ ಏರ್ಪಾಡು ಬಂದಿದೆ. ಅಂದರೆ ಇಷ್ಟು ವರ್ಷ ಇಲ್ಲದ್ದು ಏನೆಂಬುದು ತಯಾರಕರಿಗೂ ಗೊತ್ತಿತ್ತು ಎಂದಾಯಿತು.

ಮನುಷ್ಯನ ಕೈಯಲ್ಲಿದ್ದ ಎಚ್ಚರವನ್ನು ಪ್ರೋಗ್ರಾಮಿಗೆ ಒಪ್ಪಿಸಿದಾಗ ಏನೇನಾಗಬಹುದು? ಕಂಪ್ಯೂಟರ್ ಸೈನ್ಸ್ ಎಂ.ಎಸ್. ಓದಿದವರಿಗೆ ಇದಕ್ಕೆ ಪಾಠವಾಗಿ ಹೇಳುವ ಒಂದು ಪ್ರಕರಣವಿದೆ. ಅದು ಸ್ಟೇಪ್ಲರಿನದಲ್ಲ, ಆದರೆ ನಡೆದದ್ದು ನಮ್ಮ ರಾಜ್ಯದಲ್ಲೇ.

ಟೈಲರ್, 1986

ಡಲ್ಲಾಸ್‌ನಿಂದ ಪೂರ್ವಕ್ಕೆ ಸುಮಾರು ನೂರು ಮೈಲಿ ಹೋದರೆ ಟೈಲರ್ ಸಿಗುತ್ತದೆ. ಗುಲಾಬಿ ತೋಟಗಳಿಗೆ ಹೆಸರಾದ ಊರು. ಅಲ್ಲಿನ ಈಸ್ಟ್ ಟೆಕ್ಸಾಸ್ ಕ್ಯಾನ್ಸರ್ ಸೆಂಟರ್‌ನಲ್ಲಿ ಥೆರಾಕ್-25 ಎಂಬ ವಿಕಿರಣ ಯಂತ್ರವಿತ್ತು. ಕೆನಡಾದ ಎಇಸಿಎಲ್ ಎಂಬ ಸರ್ಕಾರಿ ಸಂಸ್ಥೆ ಮಾಡಿದ್ದು. 1986ರ ಮಾರ್ಚ್ 21ರಂದು ಬೆನ್ನಿಗೆ ಚಿಕಿತ್ಸೆ ಪಡೆಯಲು ಒಬ್ಬ ರೋಗಿ ಬಂದರು. ಅವರಿಗೆ ಅದು ಒಂಬತ್ತನೇ ಸರದಿ. ಯಂತ್ರ ನಡೆಸುವಾಕೆ ಕೆಲಸದಲ್ಲಿ ಪಳಗಿದವರು, ಕೀಬೋರ್ಡಿನ ಮೇಲೆ ಬೆರಳು ಬಲು ಚುರುಕು. ಎಲೆಕ್ಟ್ರಾನ್ ಎಂದು ಒತ್ತಬೇಕಾದಲ್ಲಿ ಎಕ್ಸ್-ರೇ ಎಂದು ಒತ್ತಿದ್ದು ಕಂಡು ಕೂಡಲೇ ಹಿಂದೆ ಹೋಗಿ ತಿದ್ದಿದರು. ಪರದೆಯ ಮೇಲೆ ಎಲ್ಲಾ ಸರಿಯಾಗಿ ಕಂಡಿತು. ಶುರುಮಾಡಿದರು. ಯಂತ್ರ ನಿಂತು, 'ಮಾಲ್‌ಫಂಕ್ಷನ್ 54' ಎಂದು ತೋರಿಸಿತು. ಹಾಗೆಂದರೇನು ಎಂದು ಅವರ ಬಳಿಯಿದ್ದ ಕೈಪಿಡಿಯಲ್ಲಿ ಇರಲಿಲ್ಲ. ವಿಕಿರಣ ಕಡಿಮೆ ಬಿದ್ದಿದೆ ಎಂಬಂತೆ ಅಂಕಿ ಕಾಣುತ್ತಿತ್ತು. ಆ ಯಂತ್ರ ಹೀಗೆ ಆಗಾಗ ನಿಲ್ಲುತ್ತಿದ್ದರಿಂದ ಎಂದಿನಂತೆ ಮುಂದುವರಿಸುವ ಗುಂಡಿ ಒತ್ತಿದರು.

ಒಳಗಿದ್ದ ರೋಗಿಗೆ ಬೆನ್ನ ಮೇಲೆ ಬಿಸಿ ಕಾಫಿ ಸುರಿದಂತಾಯಿತಂತೆ. ಏಳಲು ಹೊರಟಾಗ ಎರಡನೇ ಹೊಡೆತ ಕೈಗೆ ಬಿತ್ತು. ಅಂದು ಕೋಣೆಯ ಕ್ಯಾಮೆರಾವೂ ಇಂಟರ್‌ಕಾಮೂ ಕೆಲಸ ಮಾಡುತ್ತಿರಲಿಲ್ಲ. ಅವರು ಎದ್ದು ಬಂದು ಬಾಗಿಲು ಬಡಿದಾಗಲೇ ಹೊರಗಿದ್ದವರಿಗೆ ಗೊತ್ತಾದದ್ದು. ಬೀಳಬೇಕಾಗಿದ್ದದ್ದು 180 ರ್ಯಾಡ್ ವಿಕಿರಣ, ಬಿದ್ದದ್ದು 16,500ರಿಂದ 25,000 ರ್ಯಾಡ್ ಎಂದು ಆಮೇಲೆ ಅಂದಾಜಾಯಿತು. ಐದು ತಿಂಗಳಲ್ಲಿ ಅವರು ತೀರಿಕೊಂಡರು.

ಕಂಪನಿಯ ಎಂಜಿನಿಯರುಗಳು ಬಂದು ಪರೀಕ್ಷಿಸಿದರು. ದೋಷ ಮತ್ತೆ ಕಾಣಿಸಲಿಲ್ಲ. ಈ ಯಂತ್ರದಿಂದ ಬೇರೆಲ್ಲಾದರೂ ಹೀಗೆ ಆಗಿದೆಯೇ ಎಂದು ಆಸ್ಪತ್ರೆಯವರು ಕೇಳಿದ್ದಕ್ಕೆ, ತಮಗೆ ತಿಳಿದಂತೆ ಇಲ್ಲ ಎಂಬ ಉತ್ತರ ಬಂತು. ಆದರೆ ಅಷ್ಟರಲ್ಲಿ ಜಾರ್ಜಿಯಾದಲ್ಲಿ, ಕೆನಡಾದ ಹ್ಯಾಮಿಲ್ಟನ್‌ನಲ್ಲಿ, ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಇಂಥವೇ ಪ್ರಕರಣಗಳು ನಡೆದಿದ್ದವು! ಯಂತ್ರ ಮತ್ತೆ ಕೆಲಸಕ್ಕೆ ಇಳಿಯಿತು. ಏಪ್ರಿಲ್ 11ರಂದು ಅದೇ ಊರಿನಲ್ಲಿ, ಅದೇ ಯಂತ್ರದಲ್ಲಿ ಇನ್ನೊಬ್ಬರಿಗೆ ಹಾಗೇ ಆಯಿತು. ಮೂರೇ ವಾರದಲ್ಲಿ ಅವರೂ ಹೋದರು.

ಈ ಸಲ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಸುಮ್ಮನೆ ಕೂರಲಿಲ್ಲ. ಯಂತ್ರ ನಡೆಸುವಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂದು ಒತ್ತಿದ ಕೀಲಿಗಳನ್ನು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಒತ್ತಿಸಿದರು. ಕೊನೆಗೆ ಗುಟ್ಟು ಬಯಲಾಯಿತು. ಒಳಗಿನ ಆಯಸ್ಕಾಂತಗಳು ಸಜ್ಜಾಗಲು ಸುಮಾರು 8 ಸೆಕೆಂಡು ಬೇಕು. ಆ 8 ಸೆಕೆಂಡಿನೊಳಗೆ ತಿದ್ದಿದರೆ ತಿದ್ದಿದ್ದು ಪರದೆಯ ಮೇಲೆ ಕಾಣುತ್ತದೆ, ಯಂತ್ರಕ್ಕೆ ತಲುಪುವುದಿಲ್ಲ. ನಿಧಾನವಾಗಿ ಒತ್ತುವವರಿಗೆ ಈ ದೋಷ ಎಂದೂ ಸಿಗುತ್ತಿರಲಿಲ್ಲ.

1993ರಲ್ಲಿ ನ್ಯಾನ್ಸಿ ಲೆವ್ಸನ್ ಮತ್ತು ಕ್ಲಾರ್ಕ್ ಟರ್ನರ್ ಈ ಪ್ರಕರಣಗಳ ಪೂರ್ತಿ ತನಿಖೆ ಬರೆದು ಪ್ರಕಟಿಸಿದರು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಸಂಗತಿ. ಒಂದು, ಇಂಥದೇ ತಪ್ಪು ಹಳೆಯ ಥೆರಾಕ್-20 ಯಂತ್ರದ ಪ್ರೋಗ್ರಾಮಿನಲ್ಲೂ ಇತ್ತು. ಆದರೆ ಅದರಲ್ಲಿ ಪ್ರೋಗ್ರಾಂ ತಪ್ಪಿದರೂ ತಡೆಯುವ ಬೇರೆ ತಡೆಗಳಿದ್ದವು, ಯಾರಿಗೂ ಏನೂ ಆಗಿರಲಿಲ್ಲ. ಹೊಸ ಮಾದರಿಯಲ್ಲಿ ಪ್ರೋಗ್ರಾಂ ಇದೆಯಲ್ಲ ಎಂದು ಆ ತಡೆಗಳನ್ನು ತೆಗೆದುಹಾಕಿದ್ದರು. ಎರಡು, ಪ್ರತಿಯೊಂದು ಆಸ್ಪತ್ರೆಯೂ ತನಗೊಬ್ಬನಿಗೇ ಹೀಗಾಗಿದೆ ಎಂದುಕೊಂಡಿತ್ತು. 1985ರಿಂದ 1987ರವರೆಗೆ ಆರು ಪ್ರಕರಣಗಳಾದವು, ಕನಿಷ್ಠ ಮೂವರು ಸತ್ತರು. ಮೊದಲನೆಯದೇ ಎಲ್ಲರ ಕಿವಿಗೂ ಬಿದ್ದಿದ್ದರೆ ಟೈಲರ್‌ನ ಆ ಇಬ್ಬರು ಬಹುಶಃ ಉಳಿಯುತ್ತಿದ್ದರು.

ಆಗ ಇಂಥ ಅವಘಡಗಳನ್ನು ಎಫ್‌ಡಿಎಗೆ ತಿಳಿಸಬೇಕಾದ ಹೊಣೆ ತಯಾರಕರ ಮೇಲೆ ಮಾತ್ರ ಇತ್ತು, ಆಸ್ಪತ್ರೆಗಳ ಮೇಲೆ ಇರಲಿಲ್ಲ. 1990ರ ಕಾನೂನು ಆಸ್ಪತ್ರೆಗಳನ್ನೂ ಅದರೊಳಕ್ಕೆ ತಂದಿತು. ಇನ್ನು ಮುಂದೆ ಎಲ್ಲವೂ ಬೆಳಕಿಗೆ ಬರುತ್ತದೆ ಎಂದು ಜನ ನಂಬಿದರು. ಸ್ಟೇಪ್ಲರಿನ ವಿಷಯದಲ್ಲಿ ಆದದ್ದೇ ಬೇರೆ.

84 ಎಲ್ಲಿ, ಹತ್ತು ಸಾವಿರ ಎಲ್ಲಿ!

ಎಫ್‌ಡಿಎ ಒಂದು ಸಾರ್ವಜನಿಕ ದಾಖಲೆ ಇಟ್ಟಿದೆ. ಯಾವ ಉಪಕರಣದಿಂದ ಯಾರಿಗೆ ಏನಾಯಿತು ಎಂಬ ವರದಿಗಳನ್ನು ಅಲ್ಲಿ ಯಾರು ಬೇಕಾದರೂ ನೋಡಬಹುದು. ಸರ್ಜನ್ನರೂ ಸಂಶೋಧಕರೂ ಅದನ್ನೇ ನೆಚ್ಚಿಕೊಂಡಿದ್ದರು. ಆದರೆ 1990ರ ದಶಕದ ಕೊನೆಯಿಂದ ಎಫ್‌ಡಿಎ ಕೆಲವು ಉಪಕರಣಗಳ ತಯಾರಕರಿಗೆ ಒಂದು ವಿನಾಯಿತಿ ಕೊಟ್ಟಿತ್ತು. ಹಳೆಯ, ಗೊತ್ತಿರುವ ತೊಂದರೆಯಾದರೆ ಒಂದೊಂದಕ್ಕೂ ಪ್ರತ್ಯೇಕ ವರದಿ ಬೇಡ, ಒಟ್ಟಾಗಿ ಪಟ್ಟಿ ಮಾಡಿ ಕಳಿಸಿದರೆ ಸಾಕು ಎಂದು. ಆ ಪಟ್ಟಿಗಳು ಸಾರ್ವಜನಿಕ ದಾಖಲೆಗೆ ಬರುತ್ತಲೇ ಇರಲಿಲ್ಲ. ಸಾವುಗಳಿಗೆ ಈ ವಿನಾಯಿತಿ ಇರಲಿಲ್ಲ, ಯಂತ್ರದೋಷಗಳಿಗೆ ಇತ್ತು.

2019ರ ಮಾರ್ಚ್‌ನಲ್ಲಿ ಕೈಸರ್ ಹೆಲ್ತ್ ನ್ಯೂಸ್‌ನ ಪತ್ರಕರ್ತೆ ಕ್ರಿಸ್ಟಿನಾ ಜ್ಯೂವೆಟ್ ಇದನ್ನು ಹೊರಗೆಳೆದರು. 2016ರ ಒಂದೇ ವರ್ಷದಲ್ಲಿ ಸ್ಟೇಪ್ಲರ್ ತೊಂದರೆಗಳ ಬಗ್ಗೆ ಬಹಿರಂಗವಾಗಿ ಬಂದ ವರದಿ 84. ಕಾಣದ ದಾಖಲೆಗೆ ಹೋದದ್ದು ಸುಮಾರು ಹತ್ತು ಸಾವಿರ! ಯಾವುದಾದರೂ ಸ್ಟೇಪ್ಲರಿನ ಮೇಲೆ ಅನುಮಾನ ಬಂದ ಸರ್ಜನ್ ಆ ವರ್ಷದ ಸಾರ್ವಜನಿಕ ದಾಖಲೆ ತೆರೆದಿದ್ದರೆ ಬಹಳ ಸುರಕ್ಷಿತ ಉಪಕರಣ ಎಂದೇ ಭಾವಿಸುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಬಗ್ ಸಿಕ್ಕಿತ್ತು, ಬರೆದೂ ಇಟ್ಟಿದ್ದರು, ಆದರೆ ಪ್ರೋಗ್ರಾಂ ಬಳಸುವವರಿಗೆ ಆ ಪಟ್ಟಿ ಕಾಣುತ್ತಿರಲಿಲ್ಲ.

ಅದೇ ತಿಂಗಳು ಎಫ್‌ಡಿಎ ವೈದ್ಯರಿಗೆಲ್ಲ ಎಚ್ಚರಿಕೆಯ ಪತ್ರ ಬರೆಯಿತು. 2011ರಿಂದ 2018ರ ಮಾರ್ಚ್‌ವರೆಗೆ 41,000ಕ್ಕೂ ಹೆಚ್ಚು ವರದಿಗಳು, ಅವುಗಳಲ್ಲಿ 366 ಸಾವು ಎಂದು ಅದರಲ್ಲಿತ್ತು. ಮೇ ತಿಂಗಳ ತಜ್ಞರ ಸಭೆಯ ಹೊತ್ತಿಗೆ 2018ರ ಕೊನೆಯವರೆಗಿನ ಲೆಕ್ಕವನ್ನೂ ಪಟ್ಟಿಗಳೊಳಗಿನದನ್ನೂ ಸೇರಿಸಿದಾಗ ಒಟ್ಟು 1,09,997 ಘಟನೆಗಳಾದವು: 412 ಸಾವು, 11,181 ಗಂಭೀರ ಗಾಯ, 98,404 ಯಂತ್ರದೋಷ. ಪಿನ್ನು ಸರಿಯಾಗಿ ಮಡಚಿಕೊಳ್ಳದಿರುವುದು, ಹೊಡೆದ ಸಾಲು ಬಿಚ್ಚಿಕೊಳ್ಳುವುದು, ಯಂತ್ರ ಹೊಡೆಯದೇ ಇರುವುದು ಇವುಗಳಲ್ಲಿ ಮುಖ್ಯವಾದವು. ಪರಿಣಾಮ ರಕ್ತಸ್ರಾವ, ನಂಜು, ಮತ್ತೊಂದು ಆಪರೇಷನ್. ಅದೇ 2019ರಲ್ಲಿ ಎಥಿಕಾನ್ ಕಂಪನಿ ಕರುಳು ಜೋಡಿಸಲು ಬಳಸುವ ದುಂಡನೆಯ ಸ್ಟೇಪ್ಲರುಗಳಲ್ಲಿ 92,496ನ್ನು ಹಿಂದಕ್ಕೆ ಕರೆಸಿಕೊಂಡಿತು.

ಇಲ್ಲಿ ಎರಡು ಮಾತು ನೆನಪಿಡಬೇಕು. ಈ ಅಂಕಿಗಳು ಎಲ್ಲಾ ಬಗೆಯ ಸ್ಟೇಪ್ಲರುಗಳವು, ರೋಬೋಟಿನವು ಮಾತ್ರವಲ್ಲ. ಮತ್ತೆ, ವರದಿಯಾಗಿದೆ ಎಂದಮಾತ್ರಕ್ಕೆ ತಪ್ಪು ಯಂತ್ರದ್ದೇ ಎಂದಾಗುವುದಿಲ್ಲ. ಕರುಳಿನ ಜೋಡಣೆ ಸೋರುವುದಕ್ಕೆ ರಕ್ತ ಸಂಚಾರ ಕಡಿಮೆ ಇರುವುದು, ಸಕ್ಕರೆ ಕಾಯಿಲೆ, ಧೂಮಪಾನ, ಹಿಂದೆ ಪಡೆದ ವಿಕಿರಣ ಹೀಗೆ ಹಲವು ಕಾರಣಗಳಿವೆ. ಹೊಡೆದ ಪಿನ್ನುಗಳ ಒಟ್ಟು ಸಂಖ್ಯೆಯೂ ಬಹಳ ದೊಡ್ಡದು. ಹೆದರಿಸುವುದು ನನ್ನ ಉದ್ದೇಶವಲ್ಲ. ಲೆಕ್ಕ ಮುಚ್ಚಿಟ್ಟರೆ ಸರಿಯಾವುದು ತಪ್ಪಾವುದು ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ ಎನ್ನುವುದಷ್ಟೇ ನನ್ನ ಮಾತು.

ಕೋಟೆ ಕೊಳ್ಳೆ ಹೋದ ಮೇಲೆ

ಇನ್ನೊಂದು ವಿಚಿತ್ರ ನೋಡಿ. ದೇಹದೊಳಗೆ ಉಳಿಯುವ ಪಿನ್ನನ್ನು ಎಫ್‌ಡಿಎ ಎರಡನೇ ದರ್ಜೆಯ ಉಪಕರಣ ಎಂದು ಪರಿಗಣಿಸಿತ್ತು. ಆದರೆ ಅದನ್ನು ಹೊಡೆಯುವ ಕೈಯ ಸ್ಟೇಪ್ಲರ್ ಇದ್ದದ್ದು ಮೊದಲನೇ ದರ್ಜೆಯಲ್ಲಿ, ಗಾಯಕ್ಕೆ ಅಂಟಿಸುವ ಪಟ್ಟಿಯ ಸಾಲಿನಲ್ಲಿ! ಮಾರುಕಟ್ಟೆಗೆ ಬರುವ ಮುನ್ನ ಪರಿಶೀಲನೆಯೂ ಬೇಡವಾಗಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ನಮ್ಮ ಗಾದೆಯಂತೆ, 2021ರ ಅಕ್ಟೋಬರ್‌ನಲ್ಲಿ ದೇಹದೊಳಗೆ ಬಳಸುವ ಸ್ಟೇಪ್ಲರುಗಳನ್ನೂ ಎರಡನೇ ದರ್ಜೆಗೆ ಏರಿಸಿದರು. ಮುಂಚಿತ ಪರೀಕ್ಷೆ ಕಡ್ಡಾಯವಾಯಿತು. ಎಷ್ಟು ದಪ್ಪದ ಅಂಗಾಂಶಕ್ಕೆ, ಎಂಥ ಜಾಗಕ್ಕೆ ಬಳಸಬಾರದು ಎಂದು ಸ್ಪಷ್ಟವಾಗಿ ಬರೆಯಬೇಕಾಯಿತು. ಒಟ್ಟಾಗಿ ಪಟ್ಟಿ ಕಳಿಸುವ ವಿನಾಯಿತಿಯನ್ನು 2019ರಲ್ಲೇ ನಿಲ್ಲಿಸಿ, ಎರಡು ದಶಕಗಳ 57 ಲಕ್ಷ ಘಟನೆಗಳ ಹಳೆಯ ದಾಖಲೆಯನ್ನು ತೆರೆದಿಟ್ಟರು. ಒಬ್ಬ ಪತ್ರಕರ್ತೆಯ ಹಟದಿಂದ ಇಷ್ಟು ಆಯಿತು.

ಹಾಗಾದರೆ ರೋಬೋಟುಗಳ ಲೆಕ್ಕ? 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ 2000ದಿಂದ 2013ರವರೆಗಿನ ಎಫ್‌ಡಿಎ ವರದಿಗಳನ್ನು ಜಾಲಾಡಿತು. ಇಲಿನಾಯ್ ವಿಶ್ವವಿದ್ಯಾಲಯದ ರವಿಶಂಕರ್ ಅಯ್ಯರ್ ಮತ್ತು ಅವರ ಜೊತೆಗಾರರು ಮಾಡಿದ್ದು. ರೋಬೋಟ್ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ 10,624 ಘಟನೆಗಳು, 144 ಸಾವು, 1,391 ಗಾಯ, 8,061 ಯಂತ್ರದೋಷ ಸಿಕ್ಕವು. ಅದೇ ಅವಧಿಯಲ್ಲಿ ಅಮೆರಿಕದಲ್ಲಿ ನಡೆದ ರೋಬೋಟ್ ಆಪರೇಷನ್ನುಗಳು 17 ಲಕ್ಷಕ್ಕೂ ಹೆಚ್ಚು, ಹಾಗಾಗಿ ಬಹುಪಾಲು ಸುಸೂತ್ರವಾಗಿ ನಡೆದವು ಎಂಬುದೂ ನಿಜ. ಆ ಅಧ್ಯಯನ ಬರೆದವರಲ್ಲಿ ಒಬ್ಬರ ಹೆಸರು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ: ನ್ಯಾನ್ಸಿ ಲೆವ್ಸನ್. ಟೈಲರ್ ಪ್ರಕರಣ ಬಿಡಿಸಿಟ್ಟ ಅದೇ ಲೆವ್ಸನ್! ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದರೂ ಅವರು ಅದೇ ಮಾತಿನ ಬೆನ್ನು ಹತ್ತಿದ್ದಾರೆ.

ಎಣಿಸಿದರೆ ಏನು ಲಾಭ?

ಹ್ಯೂಸ್ಟನ್‌ನಲ್ಲಿರುವ ನಮಗೆ ಇದರ ಉದಾಹರಣೆ ಮನೆ ಬಾಗಿಲಲ್ಲೇ ಇದೆ. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಸಣ್ಣ ರಂಧ್ರಗಳ ಮೂಲಕ, ಲ್ಯಾಪ್ರೋಸ್ಕೋಪಿಯಿಂದಲೋ ರೋಬೋಟಿನಿಂದಲೋ, ಆಪರೇಷನ್ ಮಾಡುವುದು ಬಹಳ ಕಡೆ ರೂಢಿಗೆ ಬಂದುಬಿಟ್ಟಿತ್ತು. ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು, ಇನ್ನೇನು ಬೇಕು ಎಂದುಕೊಂಡಿದ್ದರು. ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಸೆಂಟರ್‌ನ ಪೆಡ್ರೋ ರಮಿರೆಜ್ ಅವರ ಮುಂದಾಳತ್ವದಲ್ಲಿ ಹಲವು ದೇಶಗಳ ವೈದ್ಯರು ಸೇರಿ ಎರಡನ್ನೂ ಹೋಲಿಸಿ ನೋಡಿದರು. 2018ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಮೂರು ವರ್ಷದ ನಂತರ ಕಾಯಿಲೆ ಮರುಕಳಿಸದೆ ಬದುಕಿದ್ದವರು ಹಳೆಯ ಪದ್ಧತಿಯ ತೆರೆದ ಆಪರೇಷನ್ನಿನಲ್ಲಿ 97.1 ಶೇಕಡಾ, ಸಣ್ಣ ರಂಧ್ರದ ಪದ್ಧತಿಯಲ್ಲಿ 91.2 ಶೇಕಡಾ. ಎಣಿಸದೆ ಇದ್ದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಹಾಗೆಂದು ರೋಬೋಟೇ ಬೇಡ ಎನ್ನುವುದೂ ತಪ್ಪು. ಎಲ್ಲಾ ಆಪರೇಷನ್ನುಗಳ ಕಥೆ ಒಂದೇ ಅಲ್ಲ. 2025ರ ಮಾರ್ಚ್‌ನಲ್ಲಿ ಇದೇ ಹ್ಯೂಸ್ಟನ್‌ನ ಬೇಯ್ಲರ್ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯಲ್ಲಿ ಎದೆಗೂಡನ್ನು ಸೀಳದೆ ಪೂರ್ತಿಯಾಗಿ ರೋಬೋಟಿನಿಂದ ಹೃದಯ ಕಸಿ ಮಾಡಿದರು, ಅಮೆರಿಕದಲ್ಲೇ ಮೊದಲನೆಯದು. ಅಂಥ ಕೌಶಲ ನಮ್ಮ ಊರಿನಲ್ಲಿದೆ ಎಂಬುದು ಹೆಮ್ಮೆಯ ವಿಷಯವೇ.

ಊರಿನಲ್ಲಿರುವ ಅಪ್ಪ ಅಮ್ಮನ ವಿಷಯ

ನಮ್ಮಲ್ಲಿ ಅನೇಕರ ತಂದೆ ತಾಯಿ ಕರ್ನಾಟಕದಲ್ಲೇ ಇದ್ದಾರೆ. ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ರೋಬೋಟ್ ಈಗ ಮಾಮೂಲು. ಭಾರತದಲ್ಲೇ ತಯಾರಾದ ಎಸ್‌ಎಸ್‌ಐ ಮಂತ್ರ ಎಂಬ ರೋಬೋಟೂ ಬಂದಿದೆ. ಅದನ್ನು ಕಟ್ಟಿದ ಡಾ. ಸುಧೀರ್ ಶ್ರೀವಾಸ್ತವ ಹಿಂದೆ ನಮ್ಮ ಟೆಕ್ಸಾಸ್‌ನಲ್ಲೇ ಹೃದಯದ ಸರ್ಜನ್ ಆಗಿದ್ದವರು. ಭಾರತದಲ್ಲಿ ಉಪಕರಣಗಳಿಂದಾದ ತೊಂದರೆಗಳನ್ನು ದಾಖಲಿಸಲು 2015ರ ಜುಲೈನಲ್ಲಿ ಮೆಟೀರಿಯೋವಿಜಿಲೆನ್ಸ್ ಎಂಬ ಕಾರ್ಯಕ್ರಮ ಶುರುವಾಯಿತು. ಗಾಜಿಯಾಬಾದ್‌ನ ಭಾರತೀಯ ಔಷಧ ಸಂಹಿತೆ ಆಯೋಗ ಅದನ್ನು ನಡೆಸುತ್ತದೆ. 2017ರಲ್ಲಿ ಪ್ರತ್ಯೇಕ ನಿಯಮಗಳು ಬಂದವು, 2020ರ ಏಪ್ರಿಲ್‌ನಿಂದ ವೈದ್ಯಕೀಯ ಉಪಕರಣಗಳೆಲ್ಲ ಔಷಧ ಕಾನೂನಿನ ವ್ಯಾಪ್ತಿಗೆ ಬಂದವು. ಏರ್ಪಾಡು ಇದೆ. ಆದರೆ ಅಲ್ಲಿ ತೊಂದರೆಯಾದರೆ ನಮ್ಮವರು ಹಣೆಬರಹ ಎಂದು ಸುಮ್ಮನಾಗುತ್ತಾರೆ. ಡಾಕ್ಟರ ಮೇಲೆ ಜಗಳಕ್ಕೆ ಹೋಗುವುದೂ ಉಂಟು. ಅವೆರಡರ ನಡುವೆ ವರದಿ ಕೊಡುವುದು ಎಂಬ ಮೂರನೆಯ ದಾರಿಯಿದೆ ಎಂದು ಹೆಚ್ಚಿನವರಿಗೆ ಗೊತ್ತಿಲ್ಲ.

ಏನು ಕೇಳಬೇಕು?

ಗೆಳೆಯನೂ ನಾನೂ ಕೂತು ಬರೆದುಕೊಂಡ ಪ್ರಶ್ನೆಗಳು ಇವು. ನಿಮಗೂ ಉಪಯೋಗಕ್ಕೆ ಬರಬಹುದು.

1. ಈ ಆಪರೇಷನ್ನಿಗೆ ರೋಬೋಟ್ ಯಾಕೆ? ನನ್ನ ಕಾಯಿಲೆಗೆ ಅದರಿಂದ ಆಗುವ ಲಾಭವೇನು?

2. ಇದೇ ಆಪರೇಷನ್ನನ್ನು ರೋಬೋಟಿನಿಂದ ನೀವೇ ಎಷ್ಟು ಮಾಡಿದ್ದೀರಿ? ಆಸ್ಪತ್ರೆಯ ಲೆಕ್ಕ ಬೇಡ, ನಿಮ್ಮ ಲೆಕ್ಕ ಹೇಳಿ.

3. ಪಿನ್ನು ಹೊಡೆಯುವವರು ಯಾರು, ಕನ್ಸೋಲಿನಲ್ಲಿರುವ ನೀವೋ, ಪಕ್ಕದಲ್ಲಿ ನಿಂತ ಸಹಾಯಕರೋ?

4. ಯಂತ್ರ ಅರ್ಧಕ್ಕೆ ನಿಂತರೆ, ಪಿನ್ನಿನ ಸಾಲು ಸರಿ ಕೂರದಿದ್ದರೆ ಮುಂದೇನು? ಕೈಯಲ್ಲಿ ಹೊಲಿಯುವ ತಯಾರಿ ಇರುತ್ತದೆಯೇ? ಹೊಲಿದ ಮೇಲೆ ಸೋರುತ್ತಿಲ್ಲ ಎಂದು ಪರೀಕ್ಷಿಸುತ್ತೀರಾ?

5. ಆಪರೇಷನ್ನಿನ ವರದಿಯಲ್ಲಿ ಸ್ಟೇಪ್ಲರಿನ ಹೆಸರು, ಕಾರ್ಟ್ರಿಜ್‌ನ ಬಣ್ಣ, ಎಷ್ಟು ಸಲ ಹೊಡೆದಿರಿ ಎಂಬುದು ಇರುತ್ತದೆಯೇ? ಭಾರತದಲ್ಲಾದರೆ, ಒಮ್ಮೆ ಬಳಸಿ ಎಸೆಯುವ ಉಪಕರಣ ಹೊಸದೇ ಎಂದು ಕೇಳಿ, ಅದರ ಪೆಟ್ಟಿಗೆಯ ಸ್ಟಿಕರನ್ನು ಕಡತಕ್ಕೆ ಅಂಟಿಸಲು ಹೇಳಿ.

ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ಆಪರೇಷನ್ನಿನ ವರದಿಯನ್ನು ರೋಗಿಗೆ ತಡಮಾಡದೆ ತೋರಿಸಬೇಕೆಂಬ ನಿಯಮವಿದೆ. ಆಸ್ಪತ್ರೆಯ ಪೋರ್ಟಲ್‌ಗೆ ಹೋಗಿ ಇಳಿಸಿಕೊಂಡು ಇಟ್ಟುಕೊಳ್ಳಿ. ತೊಂದರೆಯಾದರೆ ಎಫ್‌ಡಿಎಯ ಮೆಡ್‌ವಾಚ್‌ಗೆ ರೋಗಿಯೋ ಮನೆಯವರೋ ನೇರವಾಗಿ ಬರೆಯಬಹುದು. ಅದಕ್ಕೆ 3500ಬಿ ಎಂಬ ಅರ್ಜಿ ಇದೆ. ವಕೀಲರೂ ಬೇಡ, ಫೀಸೂ ಇಲ್ಲ. ಒಂದು ವರದಿಯಿಂದ ಏನಾಗುತ್ತದೆ ಎನ್ನಬೇಡಿ. ಟೈಲರ್‌ನಲ್ಲಿ ಕೊರತೆಯಾಗಿದ್ದದ್ದು ಅದೇ.

ನನ್ನದೊಂದು ಆಸೆಯೂ ಇದೆ. ಸೆಕೆಂಡಿಗೆ ಸಾವಿರ ಸಲ ಅಳೆಯುವ ಯಂತ್ರ ಆ ಅಳತೆಗಳನ್ನು ರೋಗಿಯ ಕಡತಕ್ಕೂ ಸೇರಿಸಬೇಕು. ಎಲ್ಲಿ ತಡೆದು ನಿಂತಿತು, ಎಷ್ಟು ಒತ್ತಡ ಬಿತ್ತು ಎಂಬುದು ರಕ್ತಪರೀಕ್ಷೆಯ ಫಲಿತಾಂಶದಷ್ಟೇ ಸಹಜವಾಗಿ ನಮ್ಮ ಕೈಗೆ ಬರಬೇಕು. ವಿಮಾನಕ್ಕೆ ಬ್ಲ್ಯಾಕ್ ಬಾಕ್ಸ್ ಇರುವಾಗ ಹೊಟ್ಟೆಯೊಳಗೆ ಹೋಗುವ ಯಂತ್ರಕ್ಕೆ ಯಾಕೆ ಬೇಡ? ಬರೆಯಲು ಕಷ್ಟದ ಪ್ರೋಗ್ರಾಂ ಏನಲ್ಲ ಇದು, ವೃತ್ತಿಯಲ್ಲಿರುವವನಾಗಿ ಹೇಳುತ್ತಿದ್ದೇನೆ.

ಅಂದ ಹಾಗೆ, ಆ ತಾಯಿಯ ಆಪರೇಷನ್ ಚೆನ್ನಾಗಿ ಆಯಿತು. ಸರ್ಜನ್ ಪ್ರಶ್ನೆಗಳಿಗೆಲ್ಲ ಬೇಸರಿಸದೆ ಉತ್ತರ ಕೊಟ್ಟರಂತೆ. ನಾಲ್ಕನೆಯ ಪ್ರಶ್ನೆಗೆ, "ತಯಾರಿ ಇರುತ್ತದೆ, ಹೋದ ತಿಂಗಳು ಒಂದು ಸಲ ಬೇಕಾಯಿತು ಕೂಡ" ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದು ಕೇಳಿ ಗೆಳೆಯನಿಗೆ ಧೈರ್ಯ ಬಂತಂತೆ. ವಾರ ಕಳೆದು ನೋಡಲು ಹೋದಾಗ ಅವರು ಅಡುಗೆಮನೆಯ ಮೇಜಿನ ಮುಂದೆ ಕೂತು ರಾಗಿ ಗಂಜಿ ಕುಡಿಯುತ್ತಿದ್ದರು. "ಡಾಕ್ಟರದ್ದು ಒಳ್ಳೆ ಕೈಗುಣ ಕಣಪ್ಪಾ" ಅಂದರು. ಯಂತ್ರದ ಸುದ್ದಿಯನ್ನೇ ಎತ್ತಲಿಲ್ಲ.

ಮಗ ಮಾತ್ರ ವರದಿಯನ್ನು ಇಳಿಸಿಕೊಂಡು ಫೈಲಿಗೆ ಹಾಕಿದ್ದ. ನೀಲಿ ಕಾರ್ಟ್ರಿಜ್, ಎರಡು ಸಲ.